ಇರುವೆಗಳ ಮೇಲೆ ಎರಗುವ ನೊಣಗಳು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಸಮೀಪದ ನಮ್ಮ ತೋಟದಲ್ಲಿ ಇರುವೆಗಳನ್ನು ಗಮನಿಸುವುದು ನನಗೆ ಬಹುಕಾಲದ ಅಭ್ಯಾಸ. ಇರುವೆಯ ತಲೆಯನ್ನು ಉದುರಿಸುವ ನೊಣವೊಂದಿದೆ ಎಂದು ಮಾತಿನ ನಡುವೆ ಹೇಳಿದಾಗಲೆಲ್ಲ ನೆರೆಕರೆಯ ಕೃಷಿಕರು, ಶಾಲಾ ಅಧ್ಯಾಪಕರು, ಜೇನು ಸಾಕುವವರು ಸಾಲುಸಾಲಾಗಿ ಪ್ರಶ್ನೆ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ತುಳುವಿನಲ್ಲಿ ‘ಪಿಜಿನ್’ ಎಂದು ಕರೆಯುವ ಇರುವೆಗಳ ವಿಷಯದಲ್ಲಿ ನಮಗಿರುವ ಸಿಟ್ಟು ಸ್ವಲ್ಪ ಕಡಿಮೆಯಾಗಿ, ಕುತೂಹಲ ಸ್ವಲ್ಪ ಹೆಚ್ಚಾಗಲಿ ಎಂಬುದು ನನ್ನ ಆಸೆ.

ಇರುವೆಯನ್ನು ಕೊಲ್ಲುವ ನೊಣ ನಿಜವಾಗಿಯೂ ಇದೆಯೇ?

ಇದೆ, ಅದೂ ಒಂದೆರಡು ಬಗೆಯಲ್ಲ. ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದವು ಫೋರಿಡೇ ಎಂಬ ಕುಟುಂಬಕ್ಕೆ ಸೇರಿದವು. ಈ ಕುಟುಂಬದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ಹೆಸರಿಸಿದ್ದಾರೆ. ಇವೆಲ್ಲವೂ ಇರುವೆಗಳ ಶತ್ರುಗಳಲ್ಲ. ಕೆಲವು ಕೊಳೆತ ಪದಾರ್ಥವನ್ನು ತಿನ್ನುತ್ತವೆ, ಕೆಲವು ಅಣಬೆಯಲ್ಲಿ ಬೆಳೆಯುತ್ತವೆ, ಕೆಲವು ಬೇರೆ ಕೀಟಗಳ ಮೈಯೊಳಗೆ ಬದುಕುತ್ತವೆ. ಇರುವೆಯ ತಲೆ ಉದುರಿಸುವುದಕ್ಕೆ ಹೆಸರಾದದ್ದು ಈ ಕುಟುಂಬದ ಸೂಡಾಕ್ಟಿಯಾನ್ ಎಂಬ ಕುಲ. ಇದರ ನೊಣಗಳು ಸುಮಾರು ಒಂದು, ಒಂದೂವರೆ ಮಿಲಿಮೀಟರ್‌ ಉದ್ದವಿರುತ್ತವೆ, ಅಂದರೆ ರಾಗಿ ಕಾಳಿನ ಗಾತ್ರ. ಮನೆಯ ನೊಣವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಇವು ಕಾಣಸಿಗಲಾರವು.

ಇದಕ್ಕಿಂತಲೂ ಸಣ್ಣದೊಂದಿದೆ. ಥಾಯ್ಲೆಂಡ್‌ನಲ್ಲಿ ದೊರೆತು 2012ರಲ್ಲಿ ಯೂರಿಪ್ಲಾಟಿಯಾ ನಾನಕ್‌ನಿಹಾಲಿ ಎಂಬ ಹೆಸರು ಪಡೆದ ಫೋರಿಡ್ ನೊಣದ ಉದ್ದ ಕೇವಲ 0.4 ಮಿಲಿಮೀಟರ್. ಅದರ ಹತ್ತಿರದ ಸಂಬಂಧಿಯೊಂದು ಆಫ್ರಿಕದಲ್ಲಿ ಇರುವೆಗಳ ಮೈಯಲ್ಲಿ ಬೆಳೆಯುವುದರಿಂದ, ಇದೂ ಯಾವುದೋ ಪುಟ್ಟ ಇರುವೆಯ ತಲೆಯನ್ನೇ ಮನೆ ಮಾಡಿಕೊಂಡಿರಬೇಕೆಂದು ಅದನ್ನು ವಿವರಿಸಿದವರು ಭಾವಿಸಿದ್ದಾರೆ.

ನೊಣ ಇರುವೆಯೊಳಗೆ ಸೇರುವುದು ಹೇಗೆ? ತಲೆ ಬೀಳುವುದು ಹೇಗೆ?

ಹೆಣ್ಣು ನೊಣವು ಇರುವೆಗಳ ಸಾಲಿನ ಮೇಲೆ ಕೆಲವೇ ಮಿಲಿಮೀಟರ್ ಎತ್ತರದಲ್ಲಿ ಹಾರುತ್ತ ನಿಲ್ಲುತ್ತದೆ. ತನಗೆ ತಕ್ಕ ಗಾತ್ರದ ಇರುವೆಯನ್ನು ಆರಿಸಿಕೊಂಡು ಅದರ ಬೆನ್ನ ಹಿಂದೆ ಹೊಂಚುತ್ತದೆ, ನಂತರ ರೆಪ್ಪೆ ಬಡಿಯುವಷ್ಟರಲ್ಲಿ ಕೆಳಗಿಳಿದು, ಕೊಕ್ಕೆಯಂತೆ ಬಾಗಿದ ಮೊಟ್ಟೆನಾಳದಿಂದ ಇರುವೆಯ ಎದೆಭಾಗದೊಳಗೆ ಒಂದೇ ಒಂದು ಮೊಟ್ಟೆಯನ್ನು ಚುಚ್ಚಿ ಮೇಲೇಳುತ್ತದೆ. ಪೆಟ್ಟು ತಿಂದ ಇರುವೆ ಒಂದು ಗಳಿಗೆ ತತ್ತರಿಸಿ ನಿಂತು, ಮತ್ತೆ ಸಾವರಿಸಿಕೊಂಡು ನಡೆಯುತ್ತದೆ. ಮೇಲುನೋಟಕ್ಕೆ ಏನೂ ಆಗಿಲ್ಲ.

ಮೊಟ್ಟೆಯೊಡೆದು ಬಂದ ಮರಿಹುಳು ಎದೆಭಾಗದಿಂದ ಕತ್ತಿನ ಮೂಲಕ ತಲೆಯೊಳಗೆ ತೆವಳಿ ಸೇರುತ್ತದೆ. ಅಲ್ಲಿ ಅದು ಎರಡು ಮೂರು ವಾರ ಬೆಳೆಯುತ್ತದೆ, ಮುಖ್ಯವಾಗಿ ಇರುವೆಯ ದೇಹದ್ರವವನ್ನು ಹೀರಿಕೊಂಡು. ಇಷ್ಟು ದಿನವೂ ಇರುವೆ ಉಳಿದವುಗಳ ಜೊತೆ ಸೇರಿ ಕೆಲಸ ಮಾಡುತ್ತಲೇ ಇರುತ್ತದೆ ಎಂಬುದು ನನಗೆ ಎಷ್ಟು ಸಲ ಓದಿದರೂ ಅಚ್ಚರಿಯ ಸಂಗತಿ. ಕೊನೆಯ ದಿನ ಮಾತ್ರ ಅದರ ನಡೆ ಬದಲಾಗುತ್ತದೆ. ತಲೆ ಬೀಳುವುದಕ್ಕೆ ಕೆಲವು ಗಂಟೆಗಳ ಮೊದಲು ಇರುವೆ ಗೂಡನ್ನು ಬಿಟ್ಟು ಹೊರನಡೆದು, ಹುಲ್ಲಿನ ಬುಡದ ಕಸಕಡ್ಡಿಯಂತಹ ತಂಪಿನ ಜಾಗಕ್ಕೆ ಹೋಗಿ ಸೇರುತ್ತದೆ. ಗೂಡಿನೊಳಗೇ ಸತ್ತಿದ್ದರೆ ಸಂಗಾತಿಗಳು ಹೆಣವನ್ನು ಎತ್ತಿ ಕಸದ ರಾಶಿಗೆ ಎಸೆಯುತ್ತಿದ್ದವು. ಹೊರಗೆ ಬಂದದ್ದರಿಂದ ನೊಣದ ಮರಿಗೆ ಆ ಅಪಾಯ ತಪ್ಪುತ್ತದೆ.

ಆಗ ಮರಿಹುಳು ಸ್ರವಿಸುವ ರಾಸಾಯನಿಕದಿಂದ ತಲೆಯನ್ನೂ ಮೈಯನ್ನೂ ಜೋಡಿಸುವ ತೆಳುಪೊರೆ ಕರಗಿ ತಲೆ ಕಳಚಿ ಬೀಳುತ್ತದೆ. ತಲೆಯೊಳಗಿನದನ್ನೆಲ್ಲ ತಿಂದು ಮುಗಿಸಿದ ಹುಳು ದವಡೆಗಳನ್ನು ಹೊರದೂಡಿ, ಬಾಯಿಯ ಜಾಗಕ್ಕೆ ತನ್ನ ಕೋಶದ ಗಟ್ಟಿಯಾದ ಮುಂಭಾಗವನ್ನು ಮುಚ್ಚಳದಂತೆ ಕೂಡಿಸಿಕೊಂಡು ಮತ್ತೆ ಎರಡು ಮೂರು ವಾರ ಆ ಚಿಪ್ಪಿನೊಳಗೆ ಮಲಗುತ್ತದೆ, ಕೊನೆಗೆ ಅದೇ ಬಾಯಿಯ ದಾರಿಯಲ್ಲಿ ಹೊಸ ನೊಣವಾಗಿ ಹೊರಬರುತ್ತದೆ. ಮೊಟ್ಟೆಯಿಂದ ನೊಣದವರೆಗೆ ಒಟ್ಟು ಹಿಡಿಯುವುದು ಸುಮಾರು ಐದಾರು ವಾರ. ದೊಡ್ಡ ಇರುವೆಯಲ್ಲಿ ಬೆಳೆದ ಮರಿ ಹೆಚ್ಚಾಗಿ ಹೆಣ್ಣಾಗುತ್ತದೆ, ಸಣ್ಣದರಲ್ಲಿ ಬೆಳೆದದ್ದು ಗಂಡಾಗುತ್ತದೆ.

ಇರುವೆಗಳು ತಮ್ಮನ್ನು ರಕ್ಷಿಸಿಕೊಳ್ಳುವುದಿಲ್ಲವೇ?

ಖಂಡಿತ ರಕ್ಷಿಸಿಕೊಳ್ಳುತ್ತವೆ. ಈ ಇಡೀ ವಿಷಯದ ತಿರುಳು ಇರುವುದೂ ಇಲ್ಲಿಯೇ. ಒಂದೇ ಒಂದು ನೊಣ ಮೇಲೆ ಸುಳಿದಾಡಿದರೆ ನೂರಾರು ಬೆಂಕಿ ಇರುವೆಗಳು (ಕುಟುಕಿದರೆ ಬೆಂಕಿ ತಾಗಿದಂತೆ ಉರಿಯುವ ಇರುವೆಗಳು) ಕೆಲಸ ನಿಲ್ಲಿಸಿಬಿಡುತ್ತವೆ. ಕೆಲವು ಕಲ್ಲಿನಂತೆ ಅಲುಗಾಡದೆ ನಿಲ್ಲುತ್ತವೆ, ಕೆಲವು ಮೈಯನ್ನು ಬಿಲ್ಲಿನಂತೆ ಬಾಗಿಸಿಕೊಳ್ಳುತ್ತವೆ, ಉಳಿದವು ಎಲೆಯ ಅಡಿಗೋ ಬಿಲಕ್ಕೋ ಓಡುತ್ತವೆ. ಸಿಕ್ಕಿದ ಆಹಾರವನ್ನು ಹಾಗೆಯೇ ಬಿಟ್ಟು ಹೋಗುವುದೂ ಉಂಟು. ಆ ಹೊತ್ತಿನಲ್ಲಿ ನೊಣದ ಭಯವಿಲ್ಲದ ಬೇರೆ ಜಾತಿಯ ಇರುವೆಗಳು ಬಂದು ಆ ಆಹಾರವನ್ನು ಸಾಗಿಸುತ್ತವೆ. ಹೀಗೆ ನೊಣವು ಕೊಂದ ಇರುವೆಗಳಿಗಿಂತ ಹೆದರಿಸಿ ಹಸಿವಿಗೆ ದೂಡಿದ ಇರುವೆಗಳೇ ಹೆಚ್ಚು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಎಲೆ ಕತ್ತರಿಸುವ ಇರುವೆಗಳಲ್ಲಿ ಇನ್ನೂ ಸೊಗಸಾದ ಉಪಾಯವಿದೆ. ದೊಡ್ಡ ಕೆಲಸಗಾತಿ ಎಲೆಯ ತುಂಡನ್ನು ಬಾಯಲ್ಲಿ ಹಿಡಿದು ನಡೆಯುವಾಗ ಆ ತುಂಡಿನ ಮೇಲೆ ಅತಿ ಸಣ್ಣ ಇರುವೆಯೊಂದು ಸವಾರಿ ಮಾಡುತ್ತಿರುತ್ತದೆ. ಹೊರೆ ಹೊತ್ತವಳ ತಲೆಯ ಕಡೆಗೆ ಫೋರಿಡ್ ನೊಣ ಎರಗಿದರೆ ಅದನ್ನು ಓಡಿಸುವುದು ಈ ಕಾವಲುಗಾತಿಯ ಕೆಲಸಗಳಲ್ಲಿ ಒಂದು. ನಮ್ಮ ಕಡೆ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಇರುವೆಗಳಿವೆಯೇ ಹೊರತು ಎಲೆ ಕತ್ತರಿಸಿ ಒಯ್ಯುವ ಆ ಬಗೆಯವು ಭಾರತದಲ್ಲೇ ಇಲ್ಲ.

ಅಮೆರಿಕದಲ್ಲಿ ಇಂತಹ ನೊಣಗಳನ್ನು ಸಾಕಿ ಬಿಟ್ಟರಂತೆ. ಫಲ ಸಿಕ್ಕಿತೇ?

ದಕ್ಷಿಣ ಅಮೆರಿಕದ ಸೊಲೆನಾಪ್ಸಿಸ್ ಇನ್ವಿಕ್ಟಾ ಎಂಬ ಕೆಂಪು ಬೆಂಕಿ ಇರುವೆ 1930ರ ದಶಕದಲ್ಲಿ ಹಡಗಿನ ಸರಕಿನೊಡನೆ ಅಲಬಾಮಾ ರಾಜ್ಯದ ಮೊಬೀಲ್ ಬಂದರಿಗೆ ಬಂದಿಳಿಯಿತು. ಆ ಬಂದರಿನ ಬಳಿ 1942ರಲ್ಲಿ ಅದರ ಗೂಡನ್ನು ಗುರುತಿಸಿದವನು ಹದಿಮೂರರ ಶಾಲಾ ಬಾಲಕ. ಮುಂದೆ ಇರುವೆಗಳ ಮಹಾ ವಿಜ್ಞಾನಿಯಾದ ಎಡ್ವರ್ಡ್ ವಿಲ್ಸನ್ ಅವರೇ ಆ ಬಾಲಕ. ಇರುವೆ ಹರಡುತ್ತ ಹೋದಂತೆ 1957ರಿಂದ ಹೆಪ್ಟಾಕ್ಲೋರ್, ಡೈಎಲ್ಡ್ರಿನ್‌ನಂತಹ ವಿಷಗಳನ್ನು ವಿಮಾನದಿಂದ ಸುರಿಯಲಾಯಿತು. ಹಕ್ಕಿಗಳೂ ಕಾಡುಪ್ರಾಣಿಗಳೂ ಸತ್ತವು, ಬೆಂಕಿ ಇರುವೆ ಮಾತ್ರ ಉಳಿಯಿತು. ಅದರ ಜೊತೆ ಪೈಪೋಟಿ ನಡೆಸಬಹುದಾಗಿದ್ದ ಸ್ಥಳೀಯ ಇರುವೆಗಳು ಸತ್ತದ್ದರಿಂದ ಬರಿದಾದ ನೆಲದಲ್ಲಿ ಅದಕ್ಕೇ ಅನುಕೂಲವಾಯಿತು.

ತವರಿನಲ್ಲಿ ಇದೇ ಇರುವೆಯ ಗೂಡುಗಳು ಹಲವು ಪಟ್ಟು ವಿರಳವಾಗಿರುವುದನ್ನು ಕಂಡ ಸಂಶೋಧಕರು, ಅಲ್ಲಿನ ನೈಸರ್ಗಿಕ ಶತ್ರುಗಳು ಹೊಸ ನೆಲದಲ್ಲಿ ಇಲ್ಲದಿರುವುದೇ ಒಂದು ಕಾರಣವಿರಬೇಕೆಂದು ಹುಡುಕಿದರು. ದಕ್ಷಿಣ ಅಮೆರಿಕದಲ್ಲಿ ಬೆಂಕಿ ಇರುವೆಗಳ ಮೇಲೆ ಎರಗುವ ಸೂಡಾಕ್ಟಿಯಾನ್ ಜಾತಿಗಳು ಇಪ್ಪತ್ತಕ್ಕೂ ಹೆಚ್ಚಿವೆ. ಅವುಗಳಲ್ಲಿ ಟ್ರೈಕಸ್ಪಿಸ್ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ 1997ರಲ್ಲಿ ಫ್ಲೋರಿಡಾದಲ್ಲಿ ಬಿಟ್ಟರು, ನಂತರ ಕರ್ವೇಟಸ್ ಮೊದಲಾದ ಬೇರೆ ಜಾತಿಗಳನ್ನೂ ಬಿಟ್ಟರು. ನೊಣಗಳು ನೆಲೆಗೊಂಡವು, ತಾವಾಗಿಯೇ ದೂರದೂರಕ್ಕೆ ಹರಡಿದವು. ಆ ಮಟ್ಟಿಗೆ ಅದು ಯಶಸ್ಸು.

ಆದರೆ ಬೆಂಕಿ ಇರುವೆ ನಾಶವಾಯಿತೇ ಎಂದು ಕೇಳಿದರೆ, ಇಲ್ಲ. ಬೆಳೆದ ಗೂಡೊಂದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಾರ ಇರುವೆಗಳಿರುತ್ತವೆ, ರಾಣಿ ದಿನಕ್ಕೆ ಸಾವಿರಕ್ಕೂ ಮೇಲ್ಪಟ್ಟು ಮೊಟ್ಟೆಯಿಡಬಲ್ಲಳು. ನೊಣದ ಮರಿ ಹೊತ್ತ ಇರುವೆಗಳ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರನ್ನು ಮೀರುವುದಿಲ್ಲ. ಹೀಗಿರುವಾಗ ನೊಣವೊಂದರಿಂದಲೇ ಗೂಡು ಬರಿದಾಗುವ ಮಾತೇ ಇಲ್ಲ. ನೊಣವನ್ನು ಬಿಟ್ಟವರೂ ಹಾಗೆಂದು ಭರವಸೆ ಕೊಟ್ಟಿರಲಿಲ್ಲ. ಇರುವೆಯ ಹಿಡಿತವನ್ನು ಸಡಿಲಿಸಿ, ಸ್ಥಳೀಯ ಇರುವೆಗಳಿಗೆ ಉಸಿರಾಡಲು ಅವಕಾಶ ಮಾಡಿಕೊಡುವ ಹಲವು ಒತ್ತಡಗಳಲ್ಲಿ ಇದೂ ಒಂದಾಗಲಿ ಎಂಬುದಷ್ಟೇ ಅವರ ನಿರೀಕ್ಷೆಯಾಗಿತ್ತು. ಔಷಧ ಹೊಡೆದ ಮರುದಿನ ಹೆಣಗಳನ್ನು ಎಣಿಸುವ ಅಭ್ಯಾಸವಿರುವ ನಮಗೆ ಈ ಬಗೆಯ ಫಲವನ್ನು ಫಲವೆಂದು ಒಪ್ಪಿಕೊಳ್ಳುವುದು ಕಷ್ಟವಾಗುತ್ತದೆ.

ತೆಂಗಿನ ಕಪ್ಪುತಲೆ ಹುಳಕ್ಕೆ ಪರತಂತ್ರ ಜೀವಿಗಳನ್ನು ಬಿಡುತ್ತೇವಲ್ಲ. ಅದೇ ರೀತಿ ಈ ನೊಣಗಳನ್ನೂ ತರಿಸಿ ಬಿಡಬಹುದೇ?

ಕರಾವಳಿಯ ಕೃಷಿಕರು ಈ ಪ್ರಶ್ನೆ ಕೇಳುವುದು ಸಹಜ. ಗೋನಿಯೋಜಸ್ ಎಂಬ ಪುಟ್ಟ ಕಣಜ ಕಪ್ಪುತಲೆ ಹುಳವನ್ನು ಚುಚ್ಚಿ ನಿಶ್ಚಲಗೊಳಿಸಿ ಅದರ ಮೈಮೇಲೆ ಮೊಟ್ಟೆಯಿಡುವುದನ್ನು ಹಲವರು ಕಣ್ಣಾರೆ ಕಂಡಿದ್ದಾರೆ. ಆದರೆ ಅಲ್ಲಿ ಕಣಜಕ್ಕೆ ಎದುರಾಗಿರುವುದು ಒಂಟಿ ಹುಳು. ಒಂದು ಹುಳು ಸತ್ತರೆ ಒಂದು ಚಿಟ್ಟೆ ಕಡಿಮೆಯಾಯಿತು, ಅದು ಇಡಬೇಕಾಗಿದ್ದ ಮೊಟ್ಟೆಗಳೂ ಕಡಿಮೆಯಾದವು. ಇರುವೆಯ ವಿಷಯದಲ್ಲಿ ಸಾಯುವುದು ಮೊಟ್ಟೆಯಿಡದ ಕೆಲಸಗಾತಿ. ರಾಣಿ ನೆಲದಾಳದಲ್ಲಿ ಸುರಕ್ಷಿತವಾಗಿರುತ್ತಾಳೆ.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಈ ನೊಣಗಳು ತಮ್ಮ ಆಯ್ಕೆಯಲ್ಲಿ ಬಹಳ ಕಟ್ಟುನಿಟ್ಟು. ಅಮೆರಿಕದಲ್ಲಿ ಬಿಟ್ಟ ನೊಣಗಳು ಕೆಂಪು ಬೆಂಕಿ ಇರುವೆಯ ಹತ್ತಿರದ ಸಂಬಂಧಿಯಾದ ಸೊಲೆನಾಪ್ಸಿಸ್ ಜೆಮಿನಾಟಾವನ್ನು ಕೂಡ ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ನಮ್ಮ ನಾಡಿನಲ್ಲಿ ನೆಲೆಸಿರುವುದು ಈ ಜೆಮಿನಾಟಾ. ನಮ್ಮ ಅಡಿಗೆಮನೆಯ ಸಕ್ಕರೆ ಡಬ್ಬಿಗೆ ಬರುವ ಇರುವೆಗಳ ಕಡೆಗಂತೂ ಅವು ತಿರುಗಿಯೂ ನೋಡುವುದಿಲ್ಲ. ಹೊರದೇಶದ ಜೀವಿಯನ್ನು ಸರಕಾರದ ಅನುಮತಿಯಿಲ್ಲದೆ ತರುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ.

ಗೇರು ತೋಟದಲ್ಲಿ ಚಗಳಿ ಇರುವೆಯ ಕಾಟ ವಿಪರೀತವಾಗಿದೆ. ಅದಕ್ಕೆ ಯಾವ ನೊಣ ಶತ್ರು?

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ಮರದ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಚಗಳಿಯ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಗೇರಿನ ಚಿಗುರಿಗೂ ಹೂವಿಗೂ ಅತಿ ದೊಡ್ಡ ಪಿಡುಗು ಟೀ ಸೊಳ್ಳೆ ಎಂದು ಕರೆಯುವ ತಿಗಣೆ ಜಾತಿಯ ಕೀಟ. ಅದು ರಸ ಹೀರಿದ ಚಿಗುರು ಸುಟ್ಟಂತೆ ಕಪ್ಪಾಗಿ ಒಣಗುತ್ತದೆ. ಚಗಳಿ ಗೂಡು ಕಟ್ಟಿರುವ ಮರದಲ್ಲಿ ಈ ತಿಗಣೆಗೆ ನೆಮ್ಮದಿಯಿಲ್ಲ, ಏಕೆಂದರೆ ಎಲೆಯೆಲೆಯಲ್ಲೂ ಕಾವಲು ತಿರುಗುವ ಚಗಳಿಗಳು ಸಿಕ್ಕಿದ್ದನ್ನು ಹಿಡಿದು ಗೂಡಿಗೆ ಎಳೆದೊಯ್ಯುತ್ತವೆ. ಕೊಯ್ಲಿನ ದಿನ ನಮ್ಮ ಕೈಕುತ್ತಿಗೆಗೆ ಕಚ್ಚುತ್ತವೆ ಎಂಬುದು ನಿಜ. ಕೆಲವು ಬೆಳೆಗಳಲ್ಲಿ ಹಿಟ್ಟು ತಿಗಣೆಯಂತಹ ರಸ ಹೀರುವ ಕೀಟಗಳನ್ನು ಸಿಹಿದ್ರವದ ಆಸೆಗೆ ಸಾಕುತ್ತವೆ ಎಂಬುದೂ ನಿಜ. ಆದರೂ ಗೇರಿನಲ್ಲಿ ಅವುಗಳಿಂದ ಲಾಭವೇ ಹೆಚ್ಚೆಂಬುದು ನನ್ನ ಅಭಿಪ್ರಾಯ.

ಇದೇ ಟೀ ಸೊಳ್ಳೆಯನ್ನು ಕೊಲ್ಲಲೆಂದು ನಮ್ಮ ಜಿಲ್ಲೆಗಳ ಮತ್ತು ಕಾಸರಗೋಡಿನ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸುವಷ್ಟರಲ್ಲಿ ಎಷ್ಟೋ ಮನೆಗಳ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಪುಕ್ಕಟೆಯಾಗಿ ಕಾವಲು ಕಾಯುವ ಇರುವೆಯೊಂದು ಮರದಲ್ಲೇ ಇದ್ದ ನೆಲದಲ್ಲಿ ಇದು ನಡೆಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಚಗಳಿಗೆ ಶತ್ರುವನ್ನು ಹುಡುಕಿಕೊಡಿ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಕೊಯ್ಲಿಗೆ ಹೋಗುವಾಗ ಕೈಗೆ ಬೂದಿ ಹಚ್ಚಿಕೊಳ್ಳಿ, ತುಂಬುತೋಳಿನ ಅಂಗಿ ತೊಡಿ, ದಾರಿಗೆ ಅಡ್ಡವಾದ ಒಂದೆರಡು ಗೂಡುಗಳನ್ನು ಉದ್ದ ಕೊಕ್ಕೆಯಿಂದ ಪಕ್ಕಕ್ಕೆ ಸರಿಸಿ, ಉಳಿದವುಗಳನ್ನು ಇರಗೊಡಿ.

ನಮ್ಮ ಊರಿನಲ್ಲಿಯೇ ಬರಿಗಣ್ಣಿಗೆ ಕಾಣುವ ಇರುವೆ-ಶತ್ರು ನೊಣ ಯಾವುದಾದರೂ ಇದೆಯೇ?

ಬೆಂಗಾಲಿಯಾ ಎಂಬ ಕುಲದ ನೊಣಗಳನ್ನು ನೋಡಬಹುದು. ಇವು ಪರಾವಲಂಬಿಗಳಲ್ಲ, ದಾರಿಗಳ್ಳರು. ಮನೆಯ ನೊಣಕ್ಕಿಂತ ತುಸು ದೊಡ್ಡದಾದ, ಒಣಗಿದ ಹುಲ್ಲಿನ ಬಣ್ಣದ ನೊಣ ಇದು.

ಮಳೆಗಾಲ ಹಿಡಿಯುವ ಮುಂಚಿನ ಒಂದು ಮೋಡದ ಬೆಳಗ್ಗೆ ನಮ್ಮ ಮುರಕಲ್ಲಿನ ಆವರಣಗೋಡೆಯ ಮೇಲೆ ಕಪ್ಪಿರುವೆಗಳು ಗೂಡು ಬದಲಿಸುತ್ತಿದ್ದವು. ಬಿಳಿ ಅಕ್ಕಿಕಾಳಿನಂತಹ ಕೋಶಗಳನ್ನು ಬಾಯಲ್ಲಿ ಹಿಡಿದು ಸಾಲು ಸಾಗಿತ್ತು. ಸಾಲಿನಿಂದ ಎರಡು ಬೆರಳಿನಷ್ಟು ದೂರದ ಕಲ್ಲಿನ ಕುಳಿಯಲ್ಲಿ ಒಂದು ನೊಣ ತಲೆಯನ್ನು ಸಾಲಿನ ಕಡೆಗೆ ಮಾಡಿ ಕುಳಿತಿತ್ತು. ಹತ್ತಾರು ಇರುವೆಗಳು ದಾಟಿದರೂ ಕದಲಲಿಲ್ಲ. ಸಾಲಿನಿಂದ ಸ್ವಲ್ಪ ಹೊರಗೆ ಸರಿದು ಬಂದ ಒಂದು ಇರುವೆ ಕಂಡಾಗ ಮುನ್ನುಗ್ಗಿ, ಅದರ ಬಾಯಲ್ಲಿದ್ದ ಕೋಶದ ಇನ್ನೊಂದು ತುದಿಗೆ ತನ್ನ ಸೊಂಡಿಲನ್ನು ನೆಟ್ಟು ಹಿಂದಕ್ಕೆ ಜಗ್ಗಿತು. ಇರುವೆ ಕೋಶವನ್ನು ಬಿಡಲಿಲ್ಲ. ಇಬ್ಬರೂ ಅತ್ತಿಂದಿತ್ತ ಎಳೆದಾಡಿದ ಮೇಲೆ ನೊಣ ಕೋಶದ ಜೊತೆ ಇರುವೆಯನ್ನೂ ಗಾಳಿಗೆ ಎತ್ತಿತು. ಗೇಣುದ್ದ ಮೇಲೇರಿದ್ದಷ್ಟೇ, ಇರುವೆ ಕಳಚಿ ಬಿತ್ತು. ನೊಣ ಪಕ್ಕದ ದಾಸವಾಳದ ಎಲೆಯ ಮೇಲೆ ಕುಳಿತು ಕೋಶವನ್ನು ಹೀರತೊಡಗಿತು. ಬಿದ್ದ ಇರುವೆ ಮೀಸೆಗಳನ್ನು ನೆಲಕ್ಕೆ ತಾಗಿಸುತ್ತ ಅದೇ ಜಾಗದಲ್ಲಿ ಬಹಳ ಹೊತ್ತು ಸುತ್ತುತ್ತಿತ್ತು.

ಕೆಸುವಿನ ಗಿಡದಲ್ಲಿ ಹುಟ್ಟುವ ಸೊಳ್ಳೆ ಇರುವೆಯ ಬಾಯಿಂದ ಉಣ್ಣುತ್ತದೆ ಎಂಬುದು ಕಟ್ಟುಕತೆಯೇ?

ಕಟ್ಟುಕತೆಯಲ್ಲ. ಸೊಳ್ಳೆಯೂ ನೊಣದ ವರ್ಗಕ್ಕೇ ಸೇರಿದ ಎರಡು ರೆಕ್ಕೆಯ ಕೀಟವಾದ್ದರಿಂದ ಈ ಪ್ರಶ್ನೆ ಇಲ್ಲಿಗೆ ಹೊಂದುತ್ತದೆ. ಆಟಿ ತಿಂಗಳಲ್ಲಿ ಪತ್ರೊಡೆಗೆಂದು ನಾವು ಕೊಯ್ಯುವ ಕೆಸುವಿನ ಎಲೆಯ ಬುಡದಲ್ಲಿ, ದಂಟು ಕಾಂಡವನ್ನು ತಬ್ಬಿರುವ ಸಂದಿನಲ್ಲಿ ನಿಂತ ನೀರು ಮಲಾಯಾ ಎಂಬ ಕುಲದ ಸೊಳ್ಳೆಗಳ ತೊಟ್ಟಿಲು. ಈ ಸೊಳ್ಳೆ ಮನುಷ್ಯರ ರಕ್ತ ಹೀರುವುದಿಲ್ಲ. ಹೊಟ್ಟೆಯ ತುದಿಯನ್ನು ಬೆನ್ನ ಮೇಲೆ ಎತ್ತಿ ಹಿಡಿದು ಓಡಾಡುವ ಕ್ರೆಮಟೊಗಾಸ್ಟರ್ ಇರುವೆಗಳು ಮರದ ಕಾಂಡದ ಮೇಲೆ ಸಿಹಿದ್ರವ ಕುಡಿದು ಮರಳುವಾಗ ಅವುಗಳ ಎದುರಿಗೆ ಹಾರುತ್ತ ನಿಂತು, ದಾರಿ ತಡೆದು, ತನ್ನ ಸೊಂಡಿಲಿನ ತುದಿಯನ್ನು ಇರುವೆಯ ಬಾಯಿಗೆ ತಾಗಿಸುತ್ತದೆ. ಇರುವೆ ಒಂದು ಹನಿಯನ್ನು ಹೊರತರುತ್ತದೆ, ಸೊಳ್ಳೆ ಅದನ್ನು ಕುಡಿದು ಬಿಟ್ಟುಬಿಡುತ್ತದೆ. ಇರುವೆಗೆ ಜೀವಾಪಾಯವೇನೂ ಇಲ್ಲ.

ಇರುವೆ ಗೂಡಿನೊಳಗೇ ಬದುಕುವ ನೊಣಗಳೂ ಇವೆಯೇ?

ಇವೆ. ಮೈಕ್ರೋಡಾನ್ ಎಂಬ ನೊಣದ ಮರಿಹುಳು ಅರ್ಧಗೋಳದಂತೆ ಉಬ್ಬಿದ, ಕಾಲಿಲ್ಲದ ಜೀವಿ. ಮೊದಲು ಕಂಡ ಕೆಲವು ವಿದ್ವಾಂಸರು ಅದನ್ನು ಮೃದ್ವಂಗಿಯೆಂದೇ ಬಗೆದು, ಹಾಗೆಯೇ ಹೆಸರಿಟ್ಟಿದ್ದರು. ಅದು ಇರುವೆ ಗೂಡಿನಲ್ಲಿದ್ದುಕೊಂಡು ಇರುವೆಯ ಮರಿಗಳನ್ನು ತಿಂದು ಬೆಳೆಯುತ್ತದೆ.

ಈ ನೊಣಗಳಿಂದ ಜೇನು ಪೆಟ್ಟಿಗೆಗೆ, ದನಕರುಗಳಿಗೆ, ನಮಗೆ ಅಪಾಯವಿದೆಯೇ?

ಸೂಡಾಕ್ಟಿಯಾನ್ ನೊಣದ ಮರಿ ಇರುವೆಯೊಳಗಲ್ಲದೆ ಬೇರೆಲ್ಲಿಯೂ ಬೆಳೆಯದು, ಆದ್ದರಿಂದ ಅದರ ಭಯ ಬೇಡ. ಉತ್ತರ ಅಮೆರಿಕದಲ್ಲಿ ಇದೇ ಕುಟುಂಬದ ಅಪೊಸೆಫಾಲಸ್ ಬೊರಿಯಾಲಿಸ್ ಎಂಬ ನೊಣ ಜೇನ್ನೊಣದೊಳಗೂ ಮೊಟ್ಟೆಯಿಡುವುದು 2012ರಲ್ಲಿ ಪ್ರಕಟವಾಯಿತು. ಅದು ಅಲ್ಲಿಯ ಮಾತು. ನಮ್ಮ ತುಡುವೆ ಪೆಟ್ಟಿಗೆಗೆ ನೊಣಕ್ಕಿಂತ ಇರುವೆಯ ಕಾಟವೇ ಹೆಚ್ಚು. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುವ ಹಳೆಯ ಪದ್ಧತಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಆ ಬಟ್ಟಲುಗಳಲ್ಲಿ ಸೊಳ್ಳೆಮರಿ ಆಗದಂತೆ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬದಲಿಸಬೇಕು.

ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?

ಮಳೆ ಬಿಟ್ಟ ಮೇಲಿನ ದಿನಗಳಲ್ಲಿ, ಎಳೆಬಿಸಿಲಿನ ಹೊತ್ತಿನಲ್ಲಿ, ಇರುವೆ ಸಾಲಿನಿಂದ ಒಂದು ಮೊಳ ದೂರದಲ್ಲಿ ಕುಳಿತುಕೊಳ್ಳಲು ಹೇಳಿ. ಬೆಲ್ಲದ ಚೂರೊಂದನ್ನು ಬಿಳಿ ಹಾಳೆಯ ಮೇಲಿಟ್ಟರೆ ನೋಡುವುದು ಸುಲಭ. ನೊಣವನ್ನು ಹುಡುಕಬಾರದು, ಇರುವೆಯ ನಡೆಯನ್ನು ನೋಡಬೇಕು. ಓಡುತ್ತಿದ್ದ ಸಾಲು ಇದ್ದಕ್ಕಿದ್ದಂತೆ ಚೆದುರಿದರೆ, ಕೆಲವು ಇರುವೆಗಳು ಮರಗಟ್ಟಿದಂತೆ ನಿಂತರೆ ಅಥವಾ ತಲೆಯೆತ್ತಿ ದವಡೆ ತೆರೆದರೆ, ಆ ಜಾಗದ ಮೇಲಿನ ಗಾಳಿಯಲ್ಲಿ ಧೂಳಿನ ಕಣದಂತೆ ತೇಲುವ ಚುಕ್ಕೆಯನ್ನು ನಿಧಾನವಾಗಿ ಅರಸಬೇಕು. ಒಂದು ಭೂತಗನ್ನಡಿ ಸಾಕು. ಗೂಡನ್ನು ಕೆದಕಲು ಬಿಡಬೇಡಿ.

ಕೆಂಪು ಬೆಂಕಿ ಇರುವೆ ನಮ್ಮ ಕಡೆಗೂ ಬರಬಹುದೇ? ಸಂಶಯ ಬಂದರೆ ಏನು ಮಾಡಬೇಕು?

ಅದು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಪತ್ತೆಯಾದದ್ದು 2001ರಲ್ಲಿ, ಚೀನಾ ಮತ್ತು ತೈವಾನ್‌ಗಳಲ್ಲೂ ಅದು ನೆಲೆಯೂರಿದೆ. ಎಲ್ಲ ಕಡೆಯೂ ಅದು ಹೋದದ್ದು ಸರಕು, ಮಣ್ಣು ಮತ್ತು ಗಿಡಗಳ ಜೊತೆಗೆ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಹೊರದೇಶದ ಹಡಗುಗಳು ಲಂಗರು ಹಾಕುವ ನಮ್ಮ ಕರಾವಳಿಗೆ ಈ ಎಚ್ಚರ ಅನಗತ್ಯವೇನಲ್ಲ. ಒಂದೇ ಸಾಲಿನಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಹಲವು ಗಾತ್ರದ ಕೆಂಗಂದು ಇರುವೆಗಳಿದ್ದು, ಮಣ್ಣಿನ ಸಡಿಲ ದಿಬ್ಬವನ್ನು ತಟ್ಟಿದೊಡನೆ ನೂರಾರು ಹೊರಬಂದು ಕಾಲೇರಿ ಕುಟುಕಿ, ಮರುದಿನ ಕುಟುಕಿದಲ್ಲೆಲ್ಲ ಬಿಳಿ ಕೀವಿನ ಗುಳ್ಳೆಗಳೆದ್ದರೆ ಸಂಶಯ ಪಡಬಹುದು. ಇಲ್ಲೇ ಇರುವ ಜೆಮಿನಾಟಾ ಕೂಡ ಬಹುತೇಕ ಹೀಗೆಯೇ ಕಾಣುತ್ತದೆ, ಆದರೆ ಅದರ ದೊಡ್ಡ ಕೆಲಸಗಾತಿಯರ ತಲೆ ಮೈಗಿಂತ ಎದ್ದು ಕಾಣುವಷ್ಟು ದಪ್ಪ ಮತ್ತು ಚೌಕ. ಆದ್ದರಿಂದ ನಾವೇ ತೀರ್ಮಾನಿಸದೆ, ಒದ್ದೆ ಮಾಡಿದ ಬಣ್ಣದ ಕುಂಚದ ತುದಿಯಿಂದ ದೊಡ್ಡವು ಸಣ್ಣವು ಎರಡೂ ಸೇರಿ ಹತ್ತಿಪ್ಪತ್ತು ಇರುವೆಗಳನ್ನು ಎತ್ತಿ, ಸ್ಪಿರಿಟ್ ತುಂಬಿದ ಚಿಕ್ಕ ಶೀಶೆಗೆ ಹಾಕಿ, ಸ್ಥಳ ಮತ್ತು ದಿನಾಂಕವನ್ನು ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯನ್ನು ಒಳಗೇ ಇಟ್ಟು, ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡುವುದು ಸರಿಯಾದ ಕ್ರಮ. ಶಾಯಿಯಲ್ಲಿ ಬರೆದರೆ ಸ್ಪಿರಿಟ್ಟಿನಲ್ಲಿ ಅಕ್ಷರ ಅಳಿಸಿಹೋಗುತ್ತದೆ.